ಸವಾರನ ಬಿಲ್ಲೆ ಮತ್ತು ತೊಳೆದಿಟ್ಟ ಡಬ್ಬಿ

ಸಮುದ್ರ ದಾಟಿ ಬಂದವನು ಮನೆ ಮುಂದಿನ ಚರಂಡಿಯಲ್ಲಿ ಜಾರಿಬಿದ್ದ ಎಂದರೆ ಯಾರಿಗಾದರೂ ನಗು ಬರುತ್ತದೆ. ಆ ಹಿತ್ತಾಳೆ ಬಿಲ್ಲೆಯ ಗತಿಯೂ ಅದೇ ಆಯಿತು. ಈಜಿಪ್ಟಿನ ಮರಳು ಕಂಡು, ಲಂಡನ್ನಿನ ಚಳಿ ಕಂಡು, ಗುರುತು ಪರಿಚಯವಿಲ್ಲದ ಹದಿನಾರು ಮಂದಿಯ ಜೇಬು ಬದಲಿಸಿ ಒಂದು ಗೀರೂ ಬೀಳದೆ ಬಂದದ್ದು, ಹೊನ್ನವಳ್ಳಿ ಬಸ್ ನಿಲ್ದಾಣದಿಂದ ಅರ್ಧ ಮೈಲಿ ದೂರದ ತೆಂಗಿನ ತೋಟದಲ್ಲಿ ಮಾಯವಾಯಿತು. ಬಿಲ್ಲೆಗಾಗಿ ಹೊಟ್ಟೆ ಉರಿದುಕೊಂಡವರು ಒಬ್ಬರಾದರೆ, ಅದರ ದೆಸೆಯಿಂದ ಹೊಟ್ಟೆಪಾಡೇ ಹೋಗುವ ಹಾಗಾದವನು ಇನ್ನೊಬ್ಬ.

ಆ ಇನ್ನೊಬ್ಬನೇ ಕಾಯಿ ಕೀಳುವ ಲಕ್ಕಯ್ಯ. 2007ರ ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ಅವನು ಗಿರಿಜಾಂಬಿಕಾ ಅವರ ಮನೆಯ ಜಗಲಿಯೆದುರು ಬಂದು ನಿಂತಾಗ ದಯಾನಂದ ಅಲ್ಲೇ ಇದ್ದ. ದಯಾನಂದನದು ಊರಿಗೆ ಒಂದೇ ಒಂದಾದ ಜೆರಾಕ್ಸ್ ಮತ್ತು ಇಂಟರ್ನೆಟ್ ಅಂಗಡಿ. ಕರೆಂಟು ಹೋದರೆ ಅಂಗಡಿಗೆ ಅರ್ಧ ಬಾಗಿಲು ಹಾಕಿ ಈ ಜಗಲಿಗೆ ಬಂದು ಕೂರುವುದು ಅವನ ಪದ್ಧತಿ. ಆ ವರ್ಷ ಕರೆಂಟು ಇರುತ್ತಿದ್ದುದೇ ಅಪರೂಪವಾದ್ದರಿಂದ, ಅವನ ವ್ಯಾಪಾರಕ್ಕಿಂತ ಜಗಲಿಯ ಹಾಜರಾತಿಯೇ ಚೆನ್ನಾಗಿತ್ತು.

ಗಿರಿಜಾಂಬಿಕಾ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆ ಕಾಲದಲ್ಲಿ ಊರಿನ ಮಾತೆಲ್ಲ ಅವರ ಕಿವಿ ದಾಟಿಯೇ ಹೋಗಬೇಕಿತ್ತು. ಕೇಳಿದ್ದನ್ನು ಅವರು ಯಾರಿಗೂ ಹೇಳಲಿಲ್ಲ, ಮರೆಯಲೂ ಇಲ್ಲ. ನಿವೃತ್ತಿಯಾದ ಮೇಲೆ ಊರಲ್ಲಿ ಓಲೆ ಕಳೆದರೆ, ಎತ್ತು ಕಾಣೆಯಾದರೆ, ಸಹಿಯಿಲ್ಲದ ಕಾಗದ ಬಂದರೆ ಜನ ಪೊಲೀಸರ ಹತ್ತಿರ ಹೋಗುವ ಮೊದಲು ಇವರ ಹತ್ತಿರ ಬರುತ್ತಿದ್ದರು. ಪ್ರತಿಯೊಂದು ಪತ್ತೆಯನ್ನೂ ದಯಾನಂದ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಪತ್ತೆಯಾಗುವ ಮುಂಚೆ ತನ್ನ ಅಭಿಪ್ರಾಯವನ್ನೂ ಒಂದು ಪುಟ ಬರೆಯುತ್ತಿದ್ದ. ಆ ಪುಟ ಒಂದು ಸಲವೂ ಸರಿಯಾಗಿರಲಿಲ್ಲ.

"ಅಮ್ಮಾರೆ, ನನ್ನ ಕಳ್ಳ ಅಂದ್ರು," ಎಂದ ಲಕ್ಕಯ್ಯ. ಹೆಗಲ ಮೇಲಿನ ಹಗ್ಗವನ್ನೂ ಇಳಿಸಿರಲಿಲ್ಲ.

"ಯಾರು ಅಂದಿದ್ದು?"

"ಗಂಗಯ್ಯ ಮೇಷ್ಟ್ರು. ಬಸ್ ಸ್ಟಾಂಡ್ ಹೋಟ್ಲು ಮುಂದೆ, ಎಲ್ಲರ ಎದುರ್ಗೂ ಅಂದ್ರು. ಮಾಯಣ್ಣನೋರು ಆಗ್ಲೇ ಹೇಳಿ ಕಳ್ಸವ್ರೆ, ನಾಳೆ ನಮ್ಮ ತೋಟಕ್ಕೆ ಬರ್ಬ್ಯಾಡ ಅಂತ. ಸಾಯಂಕಾಲದೊಳ್ಗೆ ಇನ್ನ ಎಷ್ಟು ಜನ ಹೇಳ್ತಾರೋ."

ದಯಾನಂದನಿಗೆ ಪಾಪ ಎನಿಸಿತು. ತೋಟಕ್ಕೆ ಬೀಗ ಇರುವುದಿಲ್ಲ. ಅಟ್ಟದಲ್ಲಿ ವರ್ಷದ ಕೊಬ್ಬರಿ, ಬಾವಿಯ ಹತ್ತಿರ ಮೋಟಾರು, ಬೇಲಿಯ ಮೇಲೆ ಒಣಗಿದ ಬಟ್ಟೆ, ಎಲ್ಲವೂ ಕಾಯಿ ಕೀಳುವವನ ಕಣ್ಣಿಗೆ ಬಿದ್ದೇ ಬೀಳುತ್ತವೆ. ಅವನಿಗೆ ಕತ್ತಿ ಮೊಂಡಾದರೆ ಮಸೆಯಬಹುದು, ಹೆಸರು ಕೆಟ್ಟರೆ ಯಾರೂ ತೋಟದ ತಡಿಕೆ ತೆಗೆಯುವುದಿಲ್ಲ.

ಅಷ್ಟರಲ್ಲಿ ಕಳ್ಳ ಎಂದವರೇ ಬಂದರು. ಗಂಗಯ್ಯ ಚಿಕ್ಕನಾಯಕನಹಳ್ಳಿಯವರು, ಇತಿಹಾಸದ ಉಪನ್ಯಾಸಕರಾಗಿ ನಿವೃತ್ತರಾದವರು. ಅವರ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಹಿಂದೆ ತಲೆ ತಗ್ಗಿಸಿಕೊಂಡು ಹೊಂಬಾಳಮ್ಮನ ಮಗ ಅರುಣ್ ಕುಮಾರ್. ತಿಪಟೂರು ಕಡೆಯೆಲ್ಲ ಜಮೀನು ಅಳೆಯುವ ಸರ್ವೇಯರ್ ಅವನು. ಕೈಯಲ್ಲಿ ಯಾವಾಗಲೂ ಒಂದು ಜಿಪಿಎಸ್ ಯಂತ್ರ ಹಿಡಿದೇ ಇರುತ್ತಿದ್ದ.

"ಮೇಡಂ, ಇದು ಕೇವಲ ಒಂದು ಬಿಲ್ಲೆಯ ಕಳವಲ್ಲ. ಇತಿಹಾಸದ ಕಳವು!" ಎಂದು ಗಂಗಯ್ಯ ಶುರು ಮಾಡಿದರು.

"ಇತಿಹಾಸ ಆಮೇಲೆ. ಮೊದ್ಲು ಕೂತ್ಕೊಳಿ," ಎಂದರು ಗಿರಿಜಾಂಬಿಕಾ.

ಕೂತರೂ ಇತಿಹಾಸ ತಪ್ಪಲಿಲ್ಲ. ಗಂಗಯ್ಯನವರ ತಾತ ಸಣ್ಣತಿಮ್ಮಯ್ಯ ಮೈಸೂರು ಸಂಸ್ಥಾನದ ಕುದುರೆ ಪಡೆಯಲ್ಲಿ ಸವಾರ. ಮೊದಲ ಮಹಾಯುದ್ಧದಲ್ಲಿ ಪಡೆಯ ಜೊತೆ ಹಡಗು ಹತ್ತಿ ಈಜಿಪ್ಟಿಗೆ ಹೋಗಿ, ಅಲ್ಲಿಂದ ಹೈಫಾದವರೆಗೆ ಈಟಿ ಹಿಡಿದು ಕುದುರೆ ಓಡಿಸಿದವರು. ಅವರ ನೆನಪಿಗೆ ಮೊಮ್ಮಗ ಒಂದು ಹಿತ್ತಾಳೆ ಬಿಲ್ಲೆ ಮಾಡಿಸಿದ್ದರು. ಒಂದು ಕಡೆ ಈಟಿ ಹಿಡಿದ ಕುದುರೆ ಸವಾರ, ಇನ್ನೊಂದು ಕಡೆ ಒಂದು ನಂಬರು ಮತ್ತು ಇಂಗ್ಲಿಷಿನಲ್ಲಿ ನಾಲ್ಕು ಸಾಲು: ನಾನೊಬ್ಬ ಸವಾರ, ನನ್ನನ್ನು ಮುಂದಿನ ಊರಿಗೆ ಮುಟ್ಟಿಸಿ.

"ಯಾರು ಮುಟ್ಟಿಸ್ತಾರೆ?" ಎಂದರು ಗಿರಿಜಾಂಬಿಕಾ.

ಇದನ್ನು ವಿವರಿಸಲು ದಯಾನಂದನಿಗೆ ಬಹಳ ದಿನದಿಂದ ನಾಲಿಗೆ ತುರಿಸುತ್ತಿತ್ತು. "ಇದೊಂದು ಆಟ ಅಮ್ಮ. ಲೋಕದಲ್ಲಿ ಎಲ್ಲೆಲ್ಲೋ ಡಬ್ಬಿ ಬಚ್ಚಿಡ್ತಾರೆ. ಯಾವ ಜಾಗ ಅನ್ನೋದನ್ನ ಅಕ್ಷಾಂಶ ರೇಖಾಂಶದ ಲೆಕ್ಕದಲ್ಲಿ ಇಂಟರ್ನೆಟ್ಟಿಗೆ ಹಾಕ್ತಾರೆ. ಬೇರೆಯವರು ಜಿಪಿಎಸ್ ಹಿಡಿದು ಹುಡುಕ್ತಾರೆ. ಸಿಕ್ರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೀಬೇಕು. ಡಬ್ಬಿಯಿಂದ ಒಂದು ವಸ್ತು ತಗೊಂಡ್ರೆ ಇನ್ನೊಂದು ಇಡ್ಬೇಕು, ಅದು ನಿಯಮ. ಇಂಥ ಬಿಲ್ಲೆ ಸಿಕ್ರೆ ಮಾತ್ರ ಅದನ್ನ ಮುಂದಿನ ಡಬ್ಬಿಗೆ ಸಾಗಿಸ್ಬೇಕು. ಅದರ ನಂಬರು ಹಾಕಿ, ಯಾರು ಎಲ್ಲಿಗೆ ಮುಟ್ಟಿಸಿದ್ರು ಅಂತ ಇಂಟರ್ನೆಟ್ಟಲ್ಲಿ ಬರೀಬೇಕು."

"ದೊಡ್ಡೋರು ಆಡ್ತಾರಾ ಇದನ್ನ?"

"ದೊಡ್ಡೋರೇ ಆಡೋದು."

ಗಿರಿಜಾಂಬಿಕಾ ಗಂಗಯ್ಯನವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಮೂರು ವರ್ಷದ ಹಿಂದೆ ಲಂಡನ್ನಿಗೆ ಹೋದ ಶಿಷ್ಯನೊಬ್ಬನ ಕೈಯಲ್ಲಿ ಹೊರಟ ಬಿಲ್ಲೆ, ತಾತ ತುಳಿದ ದಾರಿಯನ್ನೆಲ್ಲ ಸುತ್ತಿ ಹಳೇಬೀಡಿನ ಹತ್ತಿರದ ಡಬ್ಬಿಯೊಂದಕ್ಕೆ ಬಂದು ಬಿದ್ದಿತ್ತು. ಅಲ್ಲಿಂದ ಅರುಣ್ ಅದನ್ನು ಹೊನ್ನವಳ್ಳಿಗೆ ತಂದ. ಇನ್ನು ಉಳಿದದ್ದು ಚಿಕ್ಕನಾಯಕನಹಳ್ಳಿಯಲ್ಲಿರುವ ತಾತನ ಮನೆಗೆ ಹೋಗುವ ಕೊನೆಯ ಪಯಣ ಮಾತ್ರ.

"ತಂದೋನು ಇವರ ಕೈಗೇ ಕೊಟ್ಟಿದ್ರೆ ಮುಗೀತಿತ್ತಲ್ಲಪ್ಪ?"

"ಕೊಡ್ತೀನಿ ಅಂದೆ ಅಮ್ಮ. ಸಾರೇ ಬೇಡ ಅಂದ್ರು," ಎಂದ ಅರುಣ್.

"ಕೈಗೆ ಕೊಟ್ಟರೆ ಅದು ಆಟವೇ ಅಲ್ಲ ಮೇಡಂ. ನಾನು ಹುಡುಕಿಕೊಂಡು ಹೋಗಿ ತಾತನನ್ನು ಕರೆತರಬೇಕಿತ್ತು," ಎಂದರು ಗಂಗಯ್ಯ. ಈ ಮಾತು ಹೇಳುವಾಗ ಅವರು ಕೈಯಲ್ಲಿದ್ದ ಡಬ್ಬಿಯನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡಿದ್ದರು. ನಗಲು ಸಿದ್ಧನಾಗಿದ್ದ ದಯಾನಂದ ಬಾಯಿ ಮುಚ್ಚಿಕೊಂಡ.

ನಡೆದದ್ದು ಇಷ್ಟು. ಬುಧವಾರ ಸಂಜೆ ಅರುಣ್ ಈ ಡಬ್ಬಿಯಲ್ಲಿ ಒಂದು ಚಿಕ್ಕ ಪುಸ್ತಕ, ಪೆನ್ಸಿಲ್ಲು ಮತ್ತು ಕೆಂಪು ಬಟ್ಟೆಯಲ್ಲಿ ಸುತ್ತಿದ ಬಿಲ್ಲೆ ಇಟ್ಟು ತಮ್ಮ ತೋಟದ ಬದುವಿನಲ್ಲಿ ಬಚ್ಚಿಟ್ಟ. ಬದುವಿನ ಆಚೆಗೆ ಹುಚ್ಚಕ್ಕನ ತೋಟ. ಮರುದಿನ ಲಕ್ಕಯ್ಯ ಕಾಯಿ ಕೀಳಲು ಬರುವವನಿದ್ದ, ಮೇಲಿಂದ ಕಾಯಿ ಬಿದ್ದು ಡಬ್ಬಿ ಜಜ್ಜಿಹೋದೀತು ಎಂದು ಎಲ್ಲೆಕಲ್ಲಿನ ಆಚೆ ಮಗ್ಗುಲಿಗೆ, ಹುಚ್ಚಕ್ಕನ ಕಡೆಗೆ ಇಟ್ಟಿದ್ದ. ಗುರುವಾರ ಲಕ್ಕಯ್ಯ ಇಡೀ ದಿನ ಹೊಂಬಾಳಮ್ಮನ ತೋಟದಲ್ಲಿ ಕಾಯಿ ಕಿತ್ತ. ಶುಕ್ರವಾರ ಬೆಳಿಗ್ಗೆ ಗಂಗಯ್ಯ ಅರುಣನ ಯಂತ್ರ ಹಿಡಿದು ಹುಡುಕಿದಾಗ ಡಬ್ಬಿ ಕಲ್ಲಿನ ಈಚೆ ಮಗ್ಗುಲಲ್ಲಿ ಸಿಕ್ಕಿತು. ಒಳಗೆ ಪುಸ್ತಕವಿತ್ತು, ಪೆನ್ಸಿಲ್ಲಿತ್ತು. ಬಿಲ್ಲೆಯ ಜಾಗದಲ್ಲಿ ಬಾಳೆಲೆಯ ಚೂರಿನಲ್ಲಿ ಸುತ್ತಿದ ಒಂದು ಗಿಟುಕು ಕೊಬ್ಬರಿ ಮತ್ತು ಒಂದು ಅಚ್ಚು ಬೆಲ್ಲ.

"ಪುಸ್ತಕದಲ್ಲಿ ಯಾರ ಹೆಸರೂ ಇಲ್ಲ," ಎಂದ ದಯಾನಂದ. "ಆದರೆ ಒಂದು ತಗೊಂಡು ಒಂದು ಇಟ್ಟವ್ರೆ. ಅಂದ್ರೆ ಈ ಆಟದ ನಿಯಮ ಗೊತ್ತಿರೋ ಆಸಾಮಿ. ಬೆಂಗಳೂರಿಂದ ಬಂದಿರೋ ಬಿಲ್ಲೆಗಳ್ಳರ ಗ್ಯಾಂಗು ಅಮ್ಮ ಇದು. ಬರೆದಿಡ್ತೀನಿ."

"ಬರ್ಕೋ," ಎಂದರು ಗಿರಿಜಾಂಬಿಕಾ. "ಗ್ಯಾಂಗಿನೋರು ಬರ್ವಾಗ ಬೆಲ್ಲದ ಅಚ್ಚು ತಂದಿದ್ರು ಅಂತಾನೂ ಬರ್ಕೋ."

ಅವರು ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುಚ್ಚಳ ತೆಗೆದು ಅದರ ಅಂಚಿನ ಸಂದಿಯಲ್ಲಿ ಉಗುರು ಆಡಿಸಿದರು. ಉಗುರಿಗೆ ಬೂದಿಯಂಥದ್ದೇನೋ ಮೆತ್ತಿತು. ಆಮೇಲೆ ಡಬ್ಬಿಯನ್ನು ಬೋರಲು ಹಾಕಿದರು. ತಳಕ್ಕೆ ಅರುಣ್ ಅಂಟಿಸಿದ್ದ 'ಆಟದ ಡಬ್ಬಿ, ಮುಟ್ಟಬೇಡಿ' ಎಂಬ ಚೀಟಿ ನೆಂದು ಅರ್ಧ ಕಿತ್ತುಬಂದಿತ್ತು. ಚೀಟಿಯ ಕೆಳಗೆ ಏನೋ ಇದ್ದಂತೆ ಅವರು ಕಣ್ಣು ಕಿರಿದು ಮಾಡಿ ನೋಡಿ, ಡಬ್ಬಿಯನ್ನು ಪಕ್ಕಕ್ಕಿಟ್ಟರು.

"ಈ ಡಬ್ಬಿ ಎಲ್ಲಿಂದ ತಂದೆ ಅರುಣ?"

"ಸಂತೇಲಿ... ತಿಪಟೂರು ಸಂತೇಲಿ ತಗೊಂಡೆ ಅಮ್ಮ," ಎಂದ ಅರುಣ್. ಅವನ ಕಿವಿ ಕೆಂಪಾಯಿತು.

"ಲಕ್ಕಯ್ಯ, ನೀನು ನೆನ್ನೆ ಮರದ ಮೇಲಿದ್ದೆ. ಬದುವಿನ ಹತ್ರ ಯಾರನ್ನಾದ್ರೂ ಕಂಡ್ಯಾ?"

ಲಕ್ಕಯ್ಯ ತನ್ನ ಕಾಲುಬೆರಳನ್ನು ನೋಡಿಕೊಂಡ. "ಹೇಳಾಕಿಲ್ಲ ಅಮ್ಮಾರೆ."

"ನೋಡಿದಿರಾ!" ಎಂದು ಗಂಗಯ್ಯ ಎದ್ದೇ ನಿಂತರು. "ಹೇಳುವುದಿಲ್ಲವಂತೆ! ತೋಟದಲ್ಲಿ ಇದ್ದವನು ಇವನೊಬ್ಬನೇ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?"

"ನಾನು ಕದ್ದಿಲ್ಲ ಸಾ. ಅದೊಂದು ಹೇಳ್ತೀನಿ. ಬ್ಯಾರೆ ಹೇಳಾಕಿಲ್ಲ," ಎಂದು ಲಕ್ಕಯ್ಯ ಹಗ್ಗ ಸರಿಮಾಡಿಕೊಂಡು ಹೊರಟೇಹೋದ.

ಸಂಜೆಯಷ್ಟರಲ್ಲಿ ಬಿಲ್ಲೆ ಬಂಗಾರದ್ದಾಗಿತ್ತು. ಮಹಾರಾಜರ ಕಾಲದ ಚಿನ್ನದ ನಾಣ್ಯವಂತೆ, ಅರುಣನಿಗೆ ಜಮೀನು ಅಳೆಯುವಾಗ ಸಿಕ್ಕಿತ್ತಂತೆ, ಲಕ್ಕಯ್ಯ ಅದನ್ನು ನುಂಗಿಬಿಟ್ಟಿದ್ದಾನಂತೆ ಎಂದು ಹೋಟೆಲಿನಲ್ಲಿ ಹೊರಟ ಮಾತು ರಾತ್ರಿ ಊಟದ ಹೊತ್ತಿಗೆ ಊರೆಲ್ಲ ತಿರುಗಿತು. ಮಾಯಣ್ಣನ ಜೊತೆಗೆ ಇನ್ನೂ ಮೂರು ತೋಟದವರು ಲಕ್ಕಯ್ಯನಿಗೆ ಬರಬೇಡ ಎಂದು ಹೇಳಿ ಕಳಿಸಿದರು.

ಶನಿವಾರ ಬೆಳಿಗ್ಗೆ ಗಿರಿಜಾಂಬಿಕಾ ಮೂರು ಸ್ಟೀಲ್ ಡಬ್ಬಿಗಳಿಗೆ ಚಕ್ಕುಲಿ ತುಂಬಿ ದಯಾನಂದನ ಮುಂದೆ ಇಟ್ಟರು. "ಒಂದು ಮಾಯಣ್ಣನ ಮನೆಗೆ, ಒಂದು ಲಕ್ಕಯ್ಯನ ಮನೆಗೆ, ಒಂದು ಹುಚ್ಚಕ್ಕನ ಮನೆಗೆ. ಆ ಬದುವಿನ ದಾರೀಲಿ ಓಡಾಡೋರು ಈ ಮೂರು ಮನೆಯೋರೇ. ಡಬ್ಬಿ ಅಲ್ಲೇ ಬುಡಬೇಡ. ಸಾಯಂಕಾಲ ಹೋಗಿ ಈಸ್ಕೊಂಡು ಬಾ."

"ಪತ್ತೆ ಕೆಲಸ ಬಿಟ್ಟು ಚಕ್ಕುಲಿ ಹಂಚೋದಾ ಅಮ್ಮ? ಅಲ್ಲಿ ಲಕ್ಕಯ್ಯನ ಬದುಕು..."

"ಅವನ ಬದುಕಿಗೇ ಕಣಪ್ಪ ಹೇಳ್ತಿರೋದು. ಹೋಗು."

ಸಂಜೆ ದಯಾನಂದ ಮೂರು ಡಬ್ಬಿಗಳನ್ನೂ ವಾಪಸ್ಸು ತಂದ. ಮಾಯಣ್ಣನ ಮನೆಯದನ್ನು ನೀರಲ್ಲಿ ಹಾಗೇ ಆಡಿಸಿ ಒಂದು ಲೋಟ ಸಕ್ಕರೆ ಹಾಕಿದ್ದರು, ಒದ್ದೆಗೆ ಸಕ್ಕರೆ ಅಂಟಿಹೋಗಿತ್ತು. ಲಕ್ಕಯ್ಯನ ಮನೆಯಲ್ಲಿ ಅಂಥ ಕಷ್ಟದಲ್ಲೂ ಅವನ ಹೆಂಡತಿ ಎರಡು ಹಿಡಿ ಅವರೆಕಾಳು ಹಾಕಿದ್ದಳು. ಹುಚ್ಚಕ್ಕನ ಮನೆಯ ಡಬ್ಬಿ ಮಾತ್ರ ಖಾಲಿ ಇತ್ತು.

"ಹುಚ್ಚಕ್ಕ ಏನೂ ಹಾಕ್ಲಿಲ್ವಾ?"

ದಯಾನಂದ ತುಟಿ ಒರೆಸಿಕೊಂಡ. "ಹಾಕಿತ್ತು ಅಮ್ಮ. ಒಂದು ಗಿಟುಕು ಕೊಬ್ಬರಿ, ಒಂದು ಅಚ್ಚು ಬೆಲ್ಲ. ದಾರೀಲಿ ಹಸಿವಾಯ್ತು."

"ಸಾಕ್ಷಿ ತಿಂದುಬುಟ್ಯಾ ದಯಾನಂದ!"

"ಅದು ಸಾಕ್ಷಿ ಅಂತ ಯಾರು ಹೇಳಿದ್ರು ನಂಗೆ?"

ಗಿರಿಜಾಂಬಿಕಾ ಆ ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಉಗುರು ಆಡಿಸಿ ನೋಡಿ, ಅವನ ಮೇಲಿನ ಸಿಟ್ಟನ್ನು ಅರ್ಧ ಕಡಿಮೆ ಮಾಡಿಕೊಂಡರು. "ಹುಚ್ಚಕ್ಕ ಏನಾದ್ರೂ ಮಾತಾಡ್ತಾ?"

"ಅದೇ ಆಶ್ಚರ್ಯ ಅಮ್ಮ. 'ಹೊಂಬಾಳಿ ಏನಾದ್ರೂ ಅಂದ್ಲಾ?' ಅಂತ ಮೂರು ಸಲ ಕೇಳ್ತು. ನಗ್ತಾನೂ ಇತ್ತು. ಹೊಂಬಾಳಮ್ಮನ ಮೇಲೆ ಏನೋ ಹಗೆ ಸಾಧಿಸ್ತಾ ಇರ್ಬೇಕು."

ದಯಾನಂದ ಹೀಗೆ ಅನ್ನಲು ಕಾರಣವಿತ್ತು. ಆರು ವರ್ಷದ ಹಿಂದೆ ಹುಚ್ಚಕ್ಕನ ಮಗಳ ಮದುವೆಯಲ್ಲಿ ಹೊಂಬಾಳಮ್ಮ ಬೀಗರ ಪಂಕ್ತಿಯಲ್ಲೇ ಕೂತು ಸಾರಿಗೆ ಉಪ್ಪು ಕಮ್ಮಿ ಎಂದುಬಿಟ್ಟಿದ್ದರು. ಅಲ್ಲಿಯವರೆಗೆ ದಿನ ಬಿಟ್ಟು ದಿನ ಬದುವಿನ ಮೇಲೆ ಹುಳಿ, ಪಲ್ಯ, ರೊಟ್ಟಿಯ ಡಬ್ಬಿಗಳು ಓಡಾಡುತ್ತಿದ್ದವು. ಅವತ್ತಿನಿಂದ ನಿಂತವು. ಆ ಮನೆಯ ಒಂದು ಹನಿ ನೀರೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹುಚ್ಚಕ್ಕ ಹತ್ತು ಜನರ ಮುಂದೆ ಹೇಳಿದ್ದರು. ಹೊಂಬಾಳಮ್ಮನೂ ತನ್ನದೇ ತಪ್ಪು ಎಂದು ಒಪ್ಪುವ ಪೈಕಿಯಲ್ಲ.

"ನಾಳೆ ಬೆಳಿಗ್ಗೆ ಎಲ್ಲರನ್ನೂ ಇಲ್ಲಿಗೆ ಕರಿ," ಎಂದರು ಗಿರಿಜಾಂಬಿಕಾ. "ಹೊಂಬಾಳಮ್ಮನ್ನೂ, ಹುಚ್ಚಕ್ಕನ್ನೂ. ಇಬ್ರಿಗೂ ಇನ್ನೊಬ್ರು ಬರ್ತಾರೆ ಅಂತ ಹೇಳ್ಬೇಡ."

ಭಾನುವಾರ ಬೆಳಿಗ್ಗೆ ಜಗಲಿ ತುಂಬಿತು. ಒಂದು ತುದಿಯ ಕಂಬಕ್ಕೆ ಹೊಂಬಾಳಮ್ಮ ಒರಗಿದರೆ, ಇನ್ನೊಂದು ತುದಿಯ ಕಂಬಕ್ಕೆ ಹುಚ್ಚಕ್ಕ ಒರಗಿದರು. ನಡುವೆ ಗಂಗಯ್ಯ, ಅರುಣ್, ಮಾಯಣ್ಣ. ಲಕ್ಕಯ್ಯ ಮೇಲೆ ಹತ್ತಲಿಲ್ಲ, ಮೆಟ್ಟಿಲ ಹತ್ತಿರ ನಿಂತ. ದಯಾನಂದ ನೋಟ್‌ಬುಕ್ ಬಿಚ್ಚಿ ಕೂತ.

"ಗಂಗಯ್ಯನೋರೇ, ನಿಮ್ಮ ಸರ್ವೀಸಿನಲ್ಲಿ ಎಷ್ಟೋ ಕಳ್ಳರ ಕತೆ ಓದಿದೀರಿ," ಎಂದು ಗಿರಿಜಾಂಬಿಕಾ ಶುರು ಮಾಡಿದರು. "ಕದ್ದ ಡಬ್ಬೀನ ತೊಳೆದಿಟ್ಟು ಹೋದ ಕಳ್ಳ ಯಾವ ಪುಸ್ತಕದಲ್ಲಾದ್ರೂ ಸಿಕ್ಕವ್ನಾ?"

"ತೊಳೆದು...?"

"ಬೂದಿ ಹಾಕಿ ಉಜ್ಜಿ ತೊಳೆದಿತ್ತು. ಮುಚ್ಚಳದ ಸಂದೀಲಿ ಬೂದಿ ಉಳಿದಿತ್ತು. ನೀರು ಬಿದ್ದು ತಳದ ಚೀಟಿ ಕಿತ್ತು ಬಂದಿತ್ತು. ಈ ಮೂರು ದಿನದಲ್ಲಿ ಮಳೆಯಂತೂ ಬಂದಿಲ್ಲ. ಕಳ್ಳನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರ್ಬೇಕು? ಡಬ್ಬೀನ ಮನೆಗೆ ತಗೊಂಡೋಗಿ, ಉಜ್ಜಿ, ಒಣಗಿಸಿ, ಒಳಗೆ ಕೊಬ್ಬರಿ ಬೆಲ್ಲ ಇಟ್ಟು ತಂದಿಟ್ಟವ್ರೆ. ನಮ್ಮ ದಯಾನಂದ ಅಂದ, ಒಂದು ತಗೊಂಡು ಒಂದು ಇಡೋದು ಆಟದ ನಿಯಮ ಅಂತ. ಅದು ಫಾರಿನ್ನಿನ ನಿಯಮ ಇರ್ಬೋದು. ನಮ್ಮೂರಲ್ಲೂ ಒಂದು ನಿಯಮ ಐತಲ್ಲ?"

"ಡಬ್ಬಿ ಖಾಲಿ ವಾಪಸ್ ಕೊಡಬಾರ್ದು!" ಎಂದು ಮಾಯಣ್ಣ ಕೂಗಿದರು. ತಕ್ಷಣ ತಮ್ಮ ಮನೆಯ ಅಂಟಿದ ಸಕ್ಕರೆ ನೆನಪಾಗಿ ಸುಮ್ಮನಾದರು.

"ಹೌದು. ಅಂದ್ರೆ ಬಿಲ್ಲೆ ತಗೊಂಡೋರಿಗೆ ಅದು ಕದ್ದ ಮಾಲಲ್ಲ. ಯಾರೋ ತಮಗೆ ಪ್ರೀತಿಯಿಂದ ಕಳಿಸಿದ್ದು ಅಂತ ಅವರು ತಿಳ್ಕೊಂಡ್ರು. ತಗೊಂಡ್ರು, ಮರ್ಯಾದೆಯಾಗಿ ಡಬ್ಬಿ ತುಂಬಿ ವಾಪಸ್ ಮಾಡಿದ್ರು. ಅರುಣ ಕಲ್ಲಿನ ಆಚೆ ಮಗ್ಗುಲಿಗೆ ಇಟ್ಟಿದ್ದ. ಸಿಕ್ಕಿದ್ದು ಈಚೆ ಮಗ್ಗುಲಲ್ಲಿ. ಯಂತ್ರ ಹತ್ತಡಿ ತಪ್ಪಬೋದು, ಡಬ್ಬಿ ತಾನಾಗೇ ಕಲ್ಲು ದಾಟಲ್ಲ. ಕಳಿಸಿದೋರ ಕಡೆಗೆ ಇಟ್ಟು ಹೋಗವ್ರೆ. ಈಚೆ ಕಡೆ ಯಾರ ತೋಟ?"

ಎಲ್ಲರೂ ಹೊಂಬಾಳಮ್ಮನ ಕಡೆ ತಿರುಗಿದರು. ಆಕೆ ಸೆರಗು ಸರಿಮಾಡಿಕೊಂಡು, "ನಂಗೇನೂ ಗೊತ್ತಿಲ್ಲ ಕಣ್ರೀ," ಎಂದರು.

"ನಿಮಗೆ ಗೊತ್ತಿಲ್ಲ. ನಿಮ್ಮ ಡಬ್ಬಿಗೆ ಗೊತ್ತು." ಗಿರಿಜಾಂಬಿಕಾ ಡಬ್ಬಿ ತಿರುಗಿಸಿ ಚೀಟಿ ಪೂರ್ತಿ ಕಿತ್ತರು. ಕೆಳಗೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಕಾಣಿಸಿತು: ಹೊಂಬಾಳಮ್ಮ.

"ಅಯ್ಯೋ ನನ್ನ ಡಬ್ಬಿ! ನಾಕು ದಿನದಿಂದ ಮನೆಯೆಲ್ಲ ಹುಡುಕ್ತಾ ಇವ್ನಿ!" ಎಂದರು ಹೊಂಬಾಳಮ್ಮ. ಅರುಣ್ ಮಾಯಣ್ಣನ ಬೆನ್ನ ಹಿಂದೆ ಸರಿಯಲು ನೋಡಿದ. "ಲೇ ಅರುಣ, ಸಂತೇಲಿ ತಗೊಂಡ್ಯಾ? ನಮ್ಮಡುಗೆ ಮನೇಲಿ ಯಾವತ್ತಲಾ ಸಂತೆ ನಡೀತು?"

"ಬೇರೆ ಡಬ್ಬಿ ಬಿಗಿ ಇರ್ಲಿಲ್ಲಮ್ಮ, ಇರುವೆ ಹೋಗ್ತಿತ್ತು," ಎಂದ ಅರುಣ್. ಆರು ಅಡಿಯ ಸರ್ವೇಯರ್ ಆಗ ಮೂರು ಅಡಿಯಾಗಿದ್ದ.

"ಓದಕ್ಕೆ ಬರ್ದೇ ಇದ್ರೂ ಈ ಡಬ್ಬಿಯ ಗುರುತು ಹಿಡಿಯೋರು ಊರಲ್ಲಿ ಒಬ್ಬರವ್ರೆ," ಎಂದು ಗಿರಿಜಾಂಬಿಕಾ ಮುಂದುವರಿಸಿದರು. "ವರ್ಷಗಟ್ಟಲೆ ಇದು ಅವರ ಮನೆಗೆ ಹೋಗಿ, ಅವರ ಕೈಲಿ ಉಜ್ಜಿಸ್ಕೊಂಡು, ತುಂಬ್ಕೊಂಡು ವಾಪಸ್ ಬಂದೈತೆ. ಆಮೇಲೆ ಆರು ವರ್ಷ ನಿಂತುಹೋಯ್ತು. ಗುರುವಾರ ತಮ್ಮ ಮಗ್ಗುಲ ಕಲ್ಲಿನ ಹತ್ರ ಮತ್ತೆ ಕಾಣಿಸ್ತು. ನೆನ್ನೆ ಮೂರು ಮನೆಗೆ ಡಬ್ಬಿ ಕಳಿಸಿದ್ದು ಅದಕ್ಕೇ. ಬೂದಿಯಲ್ಲಿ ಉಜ್ಜಿ, ಕೊಬ್ಬರಿ ಬೆಲ್ಲ ಇಟ್ಟು ಕೊಡೋ ಕೈ ಯಾವುದು ಅಂತ ನೋಡ್ಬೇಕಿತ್ತು."

ಹುಚ್ಚಕ್ಕ ಕಂಬ ಬಿಟ್ಟು ನೆಟ್ಟಗೆ ನಿಂತರು. ಮುಖ ಬಿಳಿಚಿಕೊಂಡಿತ್ತು. "ನಾನೇ ತಗೊಂಡಿದ್ದು. ಅದು ಹಿತ್ತಾಳೆ ಬಿಲ್ಲೆ ಕಣ್ರೀ. ಲಕ್ಕಯ್ಯ ಬಂಗಾರದ ನಾಣ್ಯ ಕದ್ದ ಅಂತ ಊರೆಲ್ಲ ಅಂತಿದ್ರಲ್ಲ, ಇದೇ ಅದು ಅಂತ ನಂಗೆಂಗೆ ಗೊತ್ತಾಗ್ಬೇಕು? ನಮ್ಮನೆ ದ್ಯಾವ್ರು ಕುದ್ರೆ ಏರಿದೋನು. ಹೊಂಬಾಳಿಗೆ ಅದು ಗೊತ್ತು. ಬಾಯ್ಬುಟ್ಟು ಹೇಳಾಕೆ ನಾಚ್ಕೆ ಆಗಿ, ಕುದ್ರೆ ಬಿಲ್ಲೆನೇ ಹುಡ್ಕಿ ಮಡಗವ್ಳೆ ಅನ್ಕಂಡೆ. ಪುಸ್ತಕ ಪೆನ್ಸಿಲ್ಲು ಹುಡ್ಗುಂದು, ಮರ್ತು ಬಿಟ್ಟವ್ನೆ ಅಂತ ಹಂಗೇ ವಾಪಸ್ ಮಡಗ್ದೆ. ಬಿಲ್ಲೆ ದ್ಯಾವ್ರ ಗೂಡ್ನಲ್ಲಿಟ್ಟು ಕುಂಕುಮ ಇಟ್ಟಿವ್ನಿ."

ಆಮೇಲೆ ಅವರು ಜಗಲಿಯ ಇನ್ನೊಂದು ತುದಿಗೆ ನೋಡಿದರು. ಆರು ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದ್ದು.

"ಹಂಗಾರೆ ನೀ ಕಳ್ಸಿದ್ದಲ್ವೇನೇ?"

ಲಕ್ಕಯ್ಯನ ತಲೆಯಿಂದ ಇಳಿದ ಕಳವು ಈಗ ಹುಚ್ಚಕ್ಕನ ತಲೆಯ ಮೇಲೆ ಬಂದು ಕೂತಿದೆ ಎಂಬುದು ದಯಾನಂದನಿಗೂ ಹೊಳೆಯಿತು. ಕಳಿಸದೇ ಇದ್ದದ್ದನ್ನು ತೆಗೆದುಕೊಂಡವರನ್ನು ಊರು ಇನ್ನೇನೆಂದು ಕರೆಯುತ್ತದೆ? ಹೊಂಬಾಳಮ್ಮ ಮಗನ ಮುಖ ನೋಡಿದರು, ಡಬ್ಬಿ ನೋಡಿದರು, ಕೊನೆಗೆ ಹುಚ್ಚಕ್ಕನನ್ನು ನೋಡಿದರು.

"ನಾನೇ ಕಣೇ ಕಳ್ಸಿದ್ದು," ಎಂದರು. "ಈ ಮುಂಡೇದ್ರ ಕೈಲಿ ನಾನೇ ಇಡ್ಸಿದ್ದು. ಮತ್ಯಾರು ಕಳ್ಸ್ತಾರೆ ನಿಂಗೆ?" ಒಂದು ಗಳಿಗೆ ಬಿಟ್ಟು, "ಸಾರಿಗೆ ಉಪ್ಪು ಕಮ್ಮಿ ಇದ್ದಿದ್ದಂತೂ ನಿಜ," ಎಂದು ಸೇರಿಸಿದರು.

"ಕಮ್ಮಿನೇ ಇತ್ತು ಕಣೇ. ನಂಗೂ ಗೊತ್ತು," ಎಂದರು ಹುಚ್ಚಕ್ಕ. ಅವರ ಕಣ್ಣಲ್ಲಿ ನೀರಿತ್ತು.

"ಆದರೆ ಈಗಷ್ಟೇ ನಾಕು ದಿನದಿಂದ ಡಬ್ಬಿ ಹುಡುಕ್ತಿದ್ದೆ ಅಂತ..." ಎಂದು ದಯಾನಂದ ಶುರು ಮಾಡಿದ. ಗಿರಿಜಾಂಬಿಕಾ ಒಂದು ಇಡೀ ಚಕ್ಕುಲಿಯನ್ನು ಅವನ ಬಾಯಿಗೆ ತುರುಕಿದರು.

"ಬರ್ಕೋ ದಯಾನಂದ. ಡಬ್ಬಿ ಕಳಿಸಿದ್ದು ಹೊಂಬಾಳಮ್ಮ. ಕಳವು ಆಗೇ ಇಲ್ಲ."

ದಯಾನಂದ ಬರೆದುಕೊಂಡ. ಆ ನೋಟ್‌ಬುಕ್ಕಿನಲ್ಲಿ ಗಿರಿಜಾಂಬಿಕಾ ಹೇಳಿ ಬರೆಸಿದ ಸುಳ್ಳು ಅದೊಂದೇ. ಅದನ್ನು ಹೊಡೆದುಹಾಕಬೇಕೆಂದು ಅವನಿಗೆ ಯಾವತ್ತೂ ಅನಿಸಲಿಲ್ಲ.

ಹುಚ್ಚಕ್ಕ ಮನೆಗೆ ಹೋಗಿ ಬಿಲ್ಲೆ ತಂದರು. ಸವಾರನ ಹಣೆಗೂ ಕುದುರೆಯ ಹಣೆಗೂ ಕುಂಕುಮ ಮೆತ್ತಿತ್ತು. ಗಂಗಯ್ಯ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಒರೆಸಲಿಲ್ಲ.

"ಒಂದು ಉಳಿದೈತೆ," ಎಂದರು ಗಿರಿಜಾಂಬಿಕಾ. "ಲಕ್ಕಯ್ಯ, ನೀನು ಗುರುವಾರ ಮರದ ಮೇಲಿಂದ ಹುಚ್ಚಕ್ಕನ್ನ ಕಂಡಿದ್ದೆ. ಕಂಡಿಲ್ಲ ಅಂತ ನೀನು ಅನ್ಲೇ ಇಲ್ಲ, ಹೇಳಾಕಿಲ್ಲ ಅಂದೆ. ಮೂವತ್ತೊಂದು ವರ್ಷ ಜನರ ಮಾತು ಕೇಳಿದೋಳಿಗೆ ಎರಡಕ್ಕೂ ಇರೋ ವ್ಯತ್ಯಾಸ ಗೊತ್ತಾಗ್ದೇ ಇರತ್ತಾ? ಹೇಳಿದ್ರೆ ಆವತ್ತೇ ನಿನ್ನ ಮೇಲಿನ ಮಾತು ಹೋಗ್ತಿತ್ತಲ್ಲ?"

"ಮರದ ಮ್ಯಾಲೆ ಕಂಡಿದ್ದ ಮರದ ಮ್ಯಾಲೇ ಬುಡ್ಬೇಕು ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದ ಅಮ್ಮಾರೆ," ಎಂದ ಲಕ್ಕಯ್ಯ. "ಮ್ಯಾಲಿಂದ ನಮಗೆ ಎಲ್ಲರ ಹಿತ್ಲೂ ಕಾಣ್ತದೆ. ಇವತ್ತು ಒಬ್ರುದ್ದು ಹೇಳಿದ್ರೆ, ನಾಳೆ ಹೆಣ್ಮಕ್ಳಿರೋ ಯಾವ ಮನೆಯೋರು ನನ್ನ ಮರ ಹತ್ತಿಸ್ತಾರೆ?"

ಗಂಗಯ್ಯ ಎದ್ದು ಬಂದು ಅವನ ಮುಂದೆ ನಿಂತರು. ಗಂಟಲು ಸರಿಮಾಡಿಕೊಂಡರು. "ಇತಿಹಾಸದಲ್ಲಿ ಇಂಥ ತಪ್ಪು ತೀರ್ಮಾನಗಳು..."

"ಗಂಗಯ್ಯನೋರೇ, ಇತಿಹಾಸ ಬೇಡ," ಎಂದರು ಗಿರಿಜಾಂಬಿಕಾ.

"ನನ್ನದು ತಪ್ಪಾಯ್ತು ಲಕ್ಕಯ್ಯ."

"ಇಲ್ಲಿ ಅಂದ್ರೆ ಏನು ಬಂತು ಸಾ? ಕಳ್ಳ ಅಂದಿದ್ದು ಹೋಟ್ಲು ಮುಂದೆ."

ಗಂಗಯ್ಯ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಂಡಿನ ಕಡೆಗೆ ಹೊರಟರು. ಜಗಲಿಯೆಲ್ಲ ಅವರ ಹಿಂದೆಯೇ ಹೊರಟಿತು. ಹೋಟೆಲಿನ ಮುಂದೆ, ಟೀ ಲೋಟ ಹಿಡಿದು ನಿಂತ ಇಪ್ಪತ್ತು ಮೂವತ್ತು ಜನರ ಎದುರು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ ಅವರು, "ಲಕ್ಕಯ್ಯ ಕದ್ದಿಲ್ಲ. ನಾನು ತಪ್ಪು ಮಾತಾಡಿದೆ," ಎಂದರು. ಆಮೇಲೆ ಬಿಲ್ಲೆಯನ್ನು ಲಕ್ಕಯ್ಯನ ಅಂಗೈಯಲ್ಲಿ ಇಟ್ಟರು.

"ನಮ್ಮ ತಾತನ ಮನೆಗೆ ಇದನ್ನು ನೀನೇ ಮುಟ್ಟಿಸಬೇಕು. ಸಾಗಿಸಿದವರ ಹೆಸರನ್ನು ಬರೆಯುವುದು ನಿಯಮ. ಕೊನೆಯ ಹೆಸರು ನಿನ್ನದು."

ಲಕ್ಕಯ್ಯ ಬಿಲ್ಲೆಯನ್ನು ತಿರುಗಿಸಿ ಎರಡೂ ಮಗ್ಗುಲು ನೋಡಿದ.

"ಒಬ್ನೇ ಹೋಗಾಕಿಲ್ಲ ಸಾ," ಎಂದ ಲಕ್ಕಯ್ಯ. "ನೀವೂ ಬನ್ನಿ. ದಾರೀಲಿ ಕಳೆದೋದ್ರೆ ಈ ಸಲ ಇಬ್ರೂ ಕಳ್ರಾಗನ."

ಹೋಟೆಲಿನ ಮುಂದೆ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಗಂಗಯ್ಯನವರೇ. ನಗು ಇಳಿಯುವುದನ್ನೇ ಕಾಯುತ್ತಿದ್ದ ಮಾಯಣ್ಣ ಗುಂಪಿನ ಹಿಂದಿನಿಂದ ಮೆಲ್ಲಗೆ ಕೇಳಿದರು:

"ಲಕ್ಕಯ್ಯ, ನಮ್ಮ ತೋಟಕ್ಕೆ ನಾಳೆ ಬತ್ತೀಯೇನಪ್ಪ?"

ಲಕ್ಕಯ್ಯ ಬಿಲ್ಲೆಯನ್ನು ಅಂಗಿಯ ಜೇಬಿಗಿಟ್ಟು, ಮೇಲಿಂದ ಒಮ್ಮೆ ಒತ್ತಿ ನೋಡಿಕೊಂಡ.

"ನಾಳೆ ಆಗಾಕಿಲ್ಲ ಕಣಣ್ಣ," ಎಂದ. "ನಾಳೆ ನಂದು ಕುದ್ರೆ ಸವಾರಿ ಐತೆ. ನಾಡಿದ್ದು ಬತ್ತೀನಿ."